ವಾಲ್ವಿನ ಪೆಟ್ಟಿಗೆ ಆರಿಸಿದ ದಿನ

ಹಳಿಯಾಳದ ಅಡಿವೆಯ್ಯನವರ ಆರ್ಕೆಸ್ಟ್ರಾ ಆ ಸೀಮೆಯಲ್ಲೆಲ್ಲ ಹೆಸರು ಮಾಡಿದ್ದ ಕಾಲದಲ್ಲಿ ಅದರಲ್ಲಿ ಗಿಟಾರ್ ಬಾರಿಸುತ್ತಿದ್ದವನು ದಿನೇಶ. ಮುಂಡಗೋಡ ತಾಲೂಕಿನ ಇಂದೂರಿನ ಹತ್ತಿರದ ಲಂಬಾಣಿ ತಾಂಡಾದವನು, ಹೇಮಲಪ್ಪನ ಎರಡನೆಯ ಮಗ. ಹದಿನೆಂಟು ತುಂಬುವ ಮೊದಲೇ ದಾಂಡೇಲಿಗೆ ಬಂದು ಒಂದು ಸಾ ಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸಕ್ಕೆ ನಿಂತ. ಅದೇ ಮಿಲ್ಲಿನಲ್ಲಿದ್ದ ಗೋವಾ ಕಡೆಯ ಫಿಟ್ಟರ್ ಒಬ್ಬ ಊಟದ ಬಿಡುವಿನಲ್ಲಿ ಗಿಟಾರ್ ಹಿಡಿದು ಕೂರುತ್ತಿದ್ದ. ಅವನ ಬೆರಳುಗಳನ್ನು ನೋಡಿ ನೋಡಿಯೇ ದಿನೇಶ ಕಲಿತ. ಶಾಲೆ ಏಳನೆಯ ಇಯತ್ತೆಗೆ ನಿಂತಿತ್ತು. ಆದರೆ ಅವನ ಕಿವಿಯನ್ನು ಮಾತ್ರ ದೇವರು ಪುರಸೊತ್ತಿನಲ್ಲಿ ಕೂತು ಮಾಡಿದ್ದಾನೆ ಎಂದು ಅಡಿವೆಯ್ಯನವರು ಬಂದವರಿಗೆಲ್ಲ ಹೇಳುತ್ತಿದ್ದರು. ತಾಲೀಮಿನ ನಡುವೆ ಎಲ್ಲೋ ಏನೋ ತಪ್ಪಿದರೆ ಅವರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ದಿನೇಶನ ಕಡೆ ನೋಡುತ್ತಿದ್ದರು. ಅವನು ಮಾತಾಡುತ್ತಿರಲಿಲ್ಲ, ತಪ್ಪಿದವನ ಕಡೆ ಗದ್ದ ಎತ್ತಿ ತೋರಿಸುತ್ತಿದ್ದ. ಅದು ಒಮ್ಮೆಯೂ ಸುಳ್ಳಾದದ್ದಿಲ್ಲ.

ಆರ್ಕೆಸ್ಟ್ರಾದ ಹತ್ತಿರ ಒಂದು ಹಳೆಯ ವಿದೇಶಿ ಆಂಪ್ಲಿಫೈಯರ್ ಇತ್ತು. ಗೋವಾದ ಯಾವುದೋ ಹೋಟೆಲಿನ ಬ್ಯಾಂಡು ಮುರಿದಾಗ ಅಡಿವೆಯ್ಯನವರು ಕೊಂಡು ತಂದದ್ದು. ಕಂದು ಬಟ್ಟೆ ಹೊದಿಸಿದ ಪೆಟ್ಟಿಗೆ, ಹಿಂದೆ ಸಾಲಾಗಿ, ಹಳೆಯ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವುಗಳು. ಸ್ವಿಚ್ಚು ಹಾಕಿದರೆ ಒಂದು ಬೀಡಿ ಸೇದುವಷ್ಟು ಹೊತ್ತು ಕಾಯಬೇಕು. ವಾಲ್ವುಗಳು ಕೆಂಪಗೆ ಕಾದ ಮೇಲೆಯೇ ದನಿ. ಕಾರ್ಯಕ್ರಮಕ್ಕೆ ಹೋಗುವಾಗ ಟೆಂಪೋದಲ್ಲಿ ದಿನೇಶ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ. ತೊಂಬತ್ತೈದರಲ್ಲಿ ಅಳ್ನಾವರದ ಒಂದು ಮದುವೆಯಲ್ಲಿ ಜನರೇಟರು ಹುಚ್ಚೆದ್ದು ಪೆಟ್ಟಿಗೆ ಸುಟ್ಟು ಹೋಯಿತು. ಆಮೇಲೆ ಅಡಿವೆಯ್ಯನವರು ಒಂದು ಕೀಬೋರ್ಡು ತಂದರು. ಗಿಟಾರಿನ ದನಿ ಅದರಲ್ಲೂ ಬರುತ್ತಿತ್ತು. ದಿನೇಶನಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಅವನು ಮಿಲ್ಲಿನಲ್ಲೇ ಉಳಿದ. ದಿನವಿಡೀ ಮರ ಕೊಯ್ಯುವ ಬ್ಯಾಂಡ್ ಸಾ ಕಿರುಚುತ್ತಿತ್ತು. ಮನೆಗೆ ಬಂದರೂ ತಲೆಯೊಳಗೆ ಅದು ನಿಲ್ಲುತ್ತಿರಲಿಲ್ಲ. ಒಂದು ಮಳೆಗಾಲ ಅವನಿಗೆ ಜೀರುಂಡೆಗಳ ಸದ್ದೇ ಇಲ್ಲವಲ್ಲ ಅನ್ನಿಸಿತು. ಮನೆಯ ಹಿಂದೆಯೇ ಕಾಡು. ಈ ವರ್ಷ ಯಾಕೋ ಹುಳಗಳು ಹುಟ್ಟಿಲ್ಲ ಎಂದು ಹೆಂಡತಿ ತುಳಜಾಳ ಮುಂದೆ ಅಂದ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಅವನ ಮುಖ ನೋಡಿದಳು. ಕಿವಿ ತುಂಬುವ ಹಾಗೆ ಕೂಗುತ್ತಿವೆಯಲ್ಲ ಎಂದಳು. ಅವನು ನಕ್ಕು, ತಮಾಷೆಗೆ ಅಂದೆ ಎಂದ. ಅವತ್ತಿನಿಂದ ಅವನು ಮುಚ್ಚಿಡತೊಡಗಿದ.

ಮುಚ್ಚಿಡಲು ಕಾರಣ ಇತ್ತು. ಕಿವಿ ಮಂದವಾದವನನ್ನು ಗರಗಸದ ಹತ್ತಿರ ನಿಲ್ಲಿಸುವುದಿಲ್ಲ. ಆದರೆ ಅದೊಂದೇ ಕಾರಣವಲ್ಲ. ತನ್ನಲ್ಲಿ ಜನ ಮೆಚ್ಚಿದ್ದು ಒಂದೇ ಒಂದು ಸಂಗತಿ, ಅದೂ ಹೋಯಿತು ಎಂದು ಬಾಯಿಬಿಟ್ಟು ಹೇಳುವುದು ಅವನಿಂದಾಗಲಿಲ್ಲ. ಗಂಡಸರ ಮಾತು ಎದುರಿಗೆ ನಿಂತರೆ ತಿಳಿಯುತ್ತಿತ್ತು, ಹೆಂಗಸರ ಮಾತಿನ ಅಂಚುಗಳೆಲ್ಲ ಉದುರಿ ಹೋಗಿ ಬರೀ ಗುಂಯ್ ಎನ್ನುವುದಷ್ಟೇ ಉಳಿಯುತ್ತಿತ್ತು. ಅವನು ತುಟಿ ನೋಡುವುದನ್ನು ಕಲಿತ. ಮಾತು ಕಡಿಮೆ ಮಾಡಿದ. ದಿನೇಶನಿಗೆ ಈಗೀಗ ಸೊಕ್ಕು ಬಂದಿದೆ ಎಂದು ಓಣಿಯವರು ಆಡಿಕೊಂಡರು. ಅದೇ ವಾಸಿ ಎಂದು ಅವನು ಸುಮ್ಮನಾದ.

ಮಿಲ್ಲಿಗೆ ಮರ ಬರುವುದು ಕಡಿಮೆಯಾಗಿ ಕೆಲಸ ವಾರಕ್ಕೆ ಮೂರು ದಿನಕ್ಕಿಳಿದಾಗ ತುಳಜಾ ತನ್ನ ತಾಂಡಾದವರ ಜೊತೆ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದಳು. ಮಕ್ಕಳಿರಲಿಲ್ಲ, ಮಳೆಗಾಲಕ್ಕೆ ಬರುತ್ತೇನೆ ಎಂದಿದ್ದಳು. ಪ್ರತಿ ರವಿವಾರ ಸಂಜೆ ಮಡಗಾಂವ್‌ನಿಂದ ದಾಂಡೇಲಿ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫೋನು ಮಾಡುತ್ತಿದ್ದಳು. ದಿನೇಶ ಅರ್ಧ ಗಂಟೆ ಮೊದಲೇ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ. ರಿಸೀವರಿನಲ್ಲಿ ಅವಳ ದನಿ ಅರಿವೆಯಲ್ಲಿ ಸುತ್ತಿದ ದುಂಬಿಯ ಹಾಗೆ. ನೋಡಲು ತುಟಿಯೂ ಇಲ್ಲ. ಅವಳು ಮಾತು ನಿಲ್ಲಿಸಿದಾಗೆಲ್ಲ ಅವನು ಹೂಂ ಎನ್ನುತ್ತಿದ್ದ. ಆತು ಎನ್ನುತ್ತಿದ್ದ. ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು ಎನ್ನುತ್ತಿದ್ದ. ಒಂದು ಮಳೆಗಾಲಕ್ಕೆ ಬಂದು ಹೋದಳು. ಮುಂದಿನ ಮಳೆಗಾಲಕ್ಕೆ ಬರಲಿಲ್ಲ. ದಸರೆಯ ಆಚೆ ಫೋನೂ ನಿಂತಿತು. ದಿನೇಶ ಐದಾರು ರವಿವಾರ ಹೋಗಿ ಕೂತ. ಬೂತಿನವನು ಕೈ ಆಡಿಸಿ ಇಲ್ಲ ಎನ್ನುವುದನ್ನು ನೋಡಿ ನೋಡಿ ಆಮೇಲೆ ಹೋಗುವುದನ್ನು ಬಿಟ್ಟ. ಅವಳಿಗೆ ಕೆಲಸ ಹೆಚ್ಚಾಗಿರಬೇಕು ಎಂದುಕೊಂಡ. ತನ್ನ ಮೇಲೆ ಬೇಸರ ಬಂದಿರಬೇಕು ಎಂದೂ ಅನ್ನಿಸಿತು. ಯಾಕೆ ಎಂದು ಕೇಳಲು ಹೋಗಬಹುದಿತ್ತು. ಕೇಳಿದರೆ ಉತ್ತರ ಕಿವಿಗೆ ಬೀಳುವುದಿಲ್ಲವಲ್ಲ ಎಂಬ ಹೆದರಿಕೆಗೆ ಹೋಗಲಿಲ್ಲ.

ಎರಡು ಸಾವಿರದ ನಾಲ್ಕರ ಸಂಕ್ರಾಂತಿ ಮುಗಿದ ವಾರ ಕಿರಣಕುಮಾರ ಜೀಪು ತೆಗೆದುಕೊಂಡು ಮಿಲ್ಲಿನ ಬಾಗಿಲಿಗೆ ಬಂದ. ಅವನು ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದವನು. ಈಗ ಹಳಿಯಾಳದ ಪೇಟೆಯಲ್ಲಿ ಅವನದು ಬೀಜ-ಗೊಬ್ಬರದ ದೊಡ್ಡ ಅಂಗಡಿ. ಜೀಪಿನಲ್ಲಿ ಅವನ ತಂಗಿ ರಾಜಶ್ರೀ ಇದ್ದಳು. ಆಗ ಲಂಗ ಹಾಕಿಕೊಂಡು ಭಕ್ತಿಗೀತೆ ಹಾಡುತ್ತಿದ್ದ ಹುಡುಗಿ, ಈಗ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಟೀಚರು. ಅಡಿವೆಯ್ಯನವರು ಹೋದ ವರ್ಷ ತೀರಿಕೊಂಡಿದ್ದರು. ಅವರ ಹೆಸರಿನಲ್ಲಿ ಆರ್ಕೆಸ್ಟ್ರಾ ಮತ್ತೆ ಕಟ್ಟಬೇಕೆಂದು ಕಿರಣಕುಮಾರನ ಮನಸ್ಸು. ಮಡಗಾಂವ್‌ನಲ್ಲಿ ಹಡಗಿನ ಬ್ಯಾಂಡಿನಿಂದ ನಿವೃತ್ತನಾದ ಒಬ್ಬ ಮುದುಕ ತನ್ನ ಸಾಮಾನು ಮಾರುತ್ತಿದ್ದಾನೆ, ಅವನ ಹತ್ತಿರ ಅಡಿವೆಯ್ಯನವರ ಪೆಟ್ಟಿಗೆಯನ್ನೇ ಹೋಲುವ, ಅದೇ ಹೆಸರಿನ ಹೊಸ ಪೆಟ್ಟಿಗೆ ಎರಡಿವೆ, ಎರಡೂ ಬೇರೆ ಬೇರೆ ತರದವು ಎಂದು ಅವನಿಗೆ ಗೊತ್ತಾಗಿತ್ತು.

"ಯಾವುದು ತಗೋಬೇಕಂತ ನೀ ಹೇಳಬೇಕು," ಎಂದ ಕಿರಣಕುಮಾರ. "ನಿನ್ನ ಕಿವಿ ಇಲ್ದ ನಾ ಹೋಗಂಗಿಲ್ಲ."

ಆಗಲೇ ಹೇಳಿಬಿಡಬಹುದಿತ್ತು. ಆದರೆ ಮೂರು ತಿಂಗಳಿಂದ ಅವನನ್ನು ಹುಡುಕಿಕೊಂಡು ಬಂದವರು ಯಾರೂ ಇರಲಿಲ್ಲ. ಜೊತೆಗೆ ಮಡಗಾಂವ್ ಎಂಬ ಹೆಸರು. ದಿನೇಶ ಹೂಂ ಅಂದ.

ಮರುದಿನ ಬೆಳಗಾಗುತ್ತಲೇ ಹೊರಟರು. ಜೋಯಿಡಾ, ಕುಂಬಾರವಾಡ, ಅಣಶಿ ದಾಟಿ ಘಟ್ಟ ಇಳಿದು ಕಾರವಾರದ ಮೇಲೆ ಮಡಗಾಂವ್ ಮುಟ್ಟುವಾಗ ಹನ್ನೊಂದು ದಾಟಿತ್ತು. ಮುದುಕ ಮನೆಯ ಮುಂದಿನ ಕೋಣೆಯಲ್ಲಿ ಎರಡು ಪೆಟ್ಟಿಗೆಗಳನ್ನು ಮಗ್ಗುಲಿಗೆ ಮಗ್ಗುಲು ಇಟ್ಟಿದ್ದ. ಅದೇ ಕಂದು ಬಟ್ಟೆ, ಅದೇ ಜಾಲರಿ, ಮೇಲೆ ಅದೇ ಹೆಸರಿನ ಪಟ್ಟಿ. ಕೊಂಕಣಿ, ಹಿಂದಿ ಎರಡೂ ಸೇರಿಸಿ ವಿವರಿಸಿದ. ಎಡಗಡೆಯದು ಹಳೆಯದರ ಪಡಿಯಚ್ಚು. ಒಳಗಿನ ತಂತಿಗಳನ್ನೆಲ್ಲ ಕೈಯಿಂದಲೇ ಬೆಸೆದದ್ದು, ಕರೆಂಟನ್ನು ಹದ ಮಾಡಿ ಒಳಗೆ ಬಿಡುವ ಕೆಲಸಕ್ಕೂ ವಾಲ್ವೇ. ತಿರುಗಿಸಲು ಎರಡೇ ಗುಂಡಿ. ಬಲಗಡೆಯದು ಈ ಕಾಲಕ್ಕೆ ತಕ್ಕಂತೆ ತಿದ್ದಿದ್ದು. ದನಿಗೆ ವಾಲ್ವುಗಳಿವೆ, ಆದರೆ ಕರೆಂಟಿನ ಕೆಲಸ ಡಯೋಡಿಗೆ. ತಂತಿಯ ಬದಲು ಅಚ್ಚು ಹಾಕಿದ ಸರ್ಕಿಟ್ ಹಲಗೆ. ದನಿ ಸಣ್ಣಗಿಟ್ಟರೂ ಒರಟಾಗಿ ಬಾರಿಸಲು ಬೇರೆ ಗುಂಡಿ, ದೊಡ್ಡ ಗುಡಿಯೊಳಗೆ ಹಾಡಿದ ಹಾಗೆ ಮಾರ್ದನಿ ಕೊಡಲು ಇನ್ನೊಂದು ಗುಂಡಿ, ಕಾಲಿನಿಂದ ಒತ್ತುವ ಸ್ವಿಚ್ಚು. ಎರಡನೆಯದು ಹಗುರ, ಬೆಲೆಯೂ ಕಡಿಮೆ. ಮದುವೆ ಗಣಪತಿ ಎಂದು ಊರೂರು ತಿರುಗುವವರಿಗೆ ಅದೇ ಅನುಕೂಲ ಎಂದು ಕಿರಣಕುಮಾರನ ಮನಸ್ಸಿನಲ್ಲಿ ಮೊದಲಿನಿಂದಲೂ ಇತ್ತು.

ದಿನೇಶ ತನ್ನ ಗಿಟಾರನ್ನು ಎಡಗಡೆಯದಕ್ಕೆ ಸಿಕ್ಕಿಸಿದ. ವಾಲ್ವು ಕಾಯುವ ತನಕ ತಡೆದ. ತಂತಿ ಮೀಟಿದ. ದನಿ ಬಂತು, ಆದರೆ ಪಕ್ಕದ ಮನೆಯ ಗೋಡೆಯಾಚೆ ಯಾರೋ ಬಾರಿಸಿದ ಹಾಗೆ ಬಂತು. ಹತ್ತು ನಿಮಿಷ ಬಾರಿಸಿ ಬಲಗಡೆಯದಕ್ಕೆ ಹಾಕಿದ. ಅದೂ ಅದೇ ಗೋಡೆಯಾಚೆ. ಗುಂಡಿಗಳನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದ. ಎಡದ್ದು, ಬಲದ್ದು, ಮತ್ತೆ ಎಡದ್ದು. ಅವನಿಗೆ ಎರಡೂ ಒಂದೇ. ಅವನು ಉಳಿದವರ ಮುಖ ನೋಡಿದ. ಕಿರಣಕುಮಾರ ಅವನ ಬಾಯನ್ನೇ ನೋಡುತ್ತ ನಿಂತಿದ್ದ. ರಾಜಶ್ರೀಯ ಹುಬ್ಬು ತುಸು ಗಂಟಾಗಿತ್ತು. ಅದರಿಂದ ಏನನ್ನು ತಿಳಿಯಬೇಕೋ ಗೊತ್ತಾಗಲಿಲ್ಲ.

ಕೊನೆಗೆ ಅವನು ಯಾರನ್ನೂ ನೋಡದೆ ಕಣ್ಣು ಮುಚ್ಚಿ, ಪೆಟ್ಟಿಗೆಗೆ ಮೊಣಕಾಲು ತಾಗಿಸಿ ಕೂತು ಜೋರಾಗಿ ಬಾರಿಸಿದ. ಆಗ ಒಂದು ವ್ಯತ್ಯಾಸ ತಿಳಿಯಿತು, ಕಿವಿಗಲ್ಲ, ಬೆರಳಿಗೆ. ಎಡಗಡೆಯದು ಬಲವಾದ ಹೊಡೆತಕ್ಕೆ ಒಂದು ಕ್ಷಣ ತಗ್ಗಿ, ಹಗ್ಗದ ಹೊರಸಿನ ಮೇಲೆ ಕೂತಾಗ ಹೊರಸು ಬಗ್ಗಿ ಮೇಲೆದ್ದ ಹಾಗೆ, ಮೆಲ್ಲಗೆ ಎದ್ದು ಬರುತ್ತಿತ್ತು. ಅಡಿವೆಯ್ಯನವರ ಪೆಟ್ಟಿಗೆಯೂ ಹೀಗೆಯೇ ಇತ್ತು. ಬಲಗಡೆಯದರಲ್ಲಿ ಆ ಬಗ್ಗುವಿಕೆ ಇಲ್ಲ. ಹೊಡೆದರೆ ಹೊಡೆದಷ್ಟೇ, ಕಲ್ಲಿನ ಕಟ್ಟೆಯ ಮೇಲೆ ಕೂತ ಹಾಗೆ.

"ಇದು," ಎಂದು ಎಡಗಡೆಯದರ ಮೇಲೆ ಕೈಯಿಟ್ಟ.

ಕಿರಣಕುಮಾರ ಬಲಗಡೆಯದನ್ನು ಒಮ್ಮೆ ಆಸೆಯಿಂದ ನೋಡಿದ. ಗುಂಡಿಗಳು ಎರಡೇ ಇವೆ, ಭಾರ ಬೇರೆ ಎಂದು ಸಣ್ಣಗೆ ಅಂದ. ನಂತರ, ನೀ ಅಂದ ಮೇಲೆ ಮುಗಿಯಿತು ಎಂದು ಮುದುಕನಿಗೆ ಹಣ ಎಣಿಸಿಕೊಟ್ಟ.

ಪೆಟ್ಟಿಗೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ ಜೀಪಿಗೆ ಏರಿಸಿದ ಮೇಲೆ ದಿನೇಶ ಅರ್ಧ ತಾಸು ಬಿಡುವು ಕೇಳಿದ. ರೈಲ್ವೆ ಸ್ಟೇಶನ್ನಿನ ಹಿಂದೆ ತುಳಜಾ ಕೆಲಸ ಮಾಡುವ ಕಟ್ಟಡ ಇದೆ, ಮುಖ ನೋಡಿ ಬರುತ್ತೇನೆ ಎಂದ. ಮೂವರೂ ಹೋದರು. ಕಟ್ಟಡ ಇತ್ತು. ಆದರೆ ಅದಕ್ಕೆ ಬಣ್ಣ ಬಳಿದಾಗಿತ್ತು, ಕಿಟಕಿಗಳಿಗೆ ಪರದೆ ಬಂದಿದ್ದವು, ಮೂರನೆಯ ಮಾಳಿಗೆಯಲ್ಲಿ ಯಾರದೋ ಸೀರೆ ಒಣಗುತ್ತಿತ್ತು. ಕೆಲಸಗಾರರ ಶೆಡ್ಡುಗಳಿದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿದ್ದವು. ಕಾವಲುಗಾರ ಬಾಗಲಕೋಟೆ ಕಡೆಯ ಮುದುಕ, ಹೆಸರು ಮಹಾಂತಪ್ಪ. ಹಲ್ಲಿಲ್ಲದ ಬಾಯಿ, ಅವನ ತುಟಿಯಿಂದ ದಿನೇಶನಿಗೆ ಏನೂ ತಿಳಿಯಲಿಲ್ಲ. ಒಮ್ಮೆ ಏನಂದ್ರಿ ಎಂದ. ಎರಡನೆಯ ಸಲವೂ ಏನಂದ್ರಿ ಎಂದ. ಮೂರನೆಯ ಸಲ ರಾಜಶ್ರೀ ಜೀಪಿನಿಂದ ಇಳಿದು ಬಂದಳು. ಅವಳು ಮುದುಕನ ಮಾತು ಪೂರ್ತಿ ಕೇಳಿಸಿಕೊಂಡಳು. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಆಮೇಲೆ ದಿನೇಶನ ಎದುರಿಗೆ ಬಂದು ನಿಂತು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ದಿನೇಶಣ್ಣ, ಕೆಲಸದವರೆಲ್ಲಾ ದಸರಾಕ್ಕ ವೆರ್ಣಾಕ್ಕ ಹೋಗ್ಯಾರಂತ. ಅದಕ್ಕಿಂತ ಮೊದಲ ತುಳಜಾ ವೈನಿ ಮ್ಯಾಲಿಂದ ಬಿದ್ದಿದ್ರಂತ. ಕಾಲು ಮುರದಿತ್ತಂತ."

ಅವನು ಅವಳ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಪ್ಲಾಸ್ಟರ್ ಹಾಕಿಸ್ಕೊಂಡು ಬಂದ ಮ್ಯಾಲ ಇವರೇ ಬೂತಿಗೆ ಕರ್ಕೊಂಡು ಹೋಗಿ ನಿಮಗ ಫೋನ್ ಹಚ್ಚಿ ಕೊಟ್ಟಾರಂತ. ಎಲ್ಲಾ ಹೇಳಿದ್ರಂತ. ನೀವು ಆತು ಅಂದ್ರಂತ. ಬರ್ತಾರ ಅಂತ ಹದಿನೈದು ದಿನ ದಾರಿ ನೋಡಿದ್ರಂತ."

ಮಹಾಂತಪ್ಪ ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿ ನಿಂತ. ದಿನೇಶನಿಗೆ ಆ ರವಿವಾರ ನೆನಪಿಗೆ ಬಂತು. ಅವತ್ತು ಅವಳು ಬಹಳ ಹೊತ್ತು ಮಾತಾಡಿದ್ದಳು. ಬಹಳ ಹೊತ್ತು ಮಾತಾಡಿದಳಲ್ಲ, ಖುಷಿಯಲ್ಲಿದ್ದಾಳೆ ಎಂದು ಅವನು ಹಗುರಾಗಿ ಮನೆಗೆ ನಡೆದಿದ್ದ. ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ತಿಂದಿದ್ದ.

ವೆರ್ಣಾ ಗೋವಾದ್ದೇ ಇನ್ನೊಂದು ಊರು, ಅಲ್ಲಿ ಎಲ್ಲಿ ಎಂಬುದು ಮಹಾಂತಪ್ಪನಿಗೂ ಗೊತ್ತಿರಲಿಲ್ಲ. ಜೀಪು ತಿರುಗಿತು. ಘಟ್ಟ ಹತ್ತಿ ಅಣಶಿಯಲ್ಲಿ ಚಹಾಕ್ಕೆ ನಿಂತಾಗ ಬಿಸಿಲು ಇಳಿಯುತ್ತಿತ್ತು. ಅವನು ಗ್ಲಾಸನ್ನು ಕೆಳಗಿಟ್ಟು ಕಿರಣಕುಮಾರನ ಎದುರಿಗೆ ನಿಂತ.

"ಕಿರಣಣ್ಣ, ನನಗ ಕಿವಿ ಕೇಳಸಂಗಿಲ್ಲ. ಆರು ವರ್ಷ ಆತು. ಪೆಟಗಿ ನಾ ಕಿವೀಲೆ ಕೇಳಿ ಆರಿಸಿದ್ದಲ್ಲ."

ಕಿರಣಕುಮಾರ ಮೊದಲು ನಗಲು ಹೋದ. ತಂಗಿಯ ಮುಖ ನೋಡಿ ನಿಲ್ಲಿಸಿದ. ಮತ್ತೆ ಹೆಂಗ ಆರಿಸಿದಿ ಎಂದು ಕೇಳಿದ. ದಿನೇಶ ಕೈ ತೋರಿಸಿ ಬೆರಳಿನ ಸಂಗತಿ ಹೇಳಿದ. ಹೇಳುವಾಗ ಅದು ಅವನಿಗೇ ಮಕ್ಕಳಾಟದ ಮಾತಿನ ಹಾಗೆ ಅನ್ನಿಸಿರಬೇಕು, ಅರ್ಧಕ್ಕೇ ಬಿಟ್ಟ.

ಆಗ ರಾಜಶ್ರೀ ತಲೆ ತಗ್ಗಿಸಿಕೊಂಡು ಅಣ್ಣನಿಗೆ ಏನೋ ಅಂದಳು. ಅವಳು ಅಂದದ್ದು ಇಷ್ಟು: ಎಡಗಡೆಯ ಪೆಟ್ಟಿಗೆಯಲ್ಲಿ ಮೇಲಿನ ಸ್ವರಕ್ಕೆ ಹೋದಾಗೆಲ್ಲ ಸಣ್ಣಗೆ ಸಿಳ್ಳೆ ಹೊಡೆದ ಹಾಗೆ ಒಂದು ದನಿ ಬರುತ್ತಿತ್ತು. ಅವಳಿಗೆ ಮುದುಕನ ಮನೆಯಲ್ಲೇ ಕೇಳಿಸಿತ್ತು. ಕಿರಣಕುಮಾರನಿಗೂ ಕೇಳಿಸಿತ್ತು. ದಿನೇಶನೇ ಸುಮ್ಮನಿದ್ದಾನೆ ಎಂದ ಮೇಲೆ ಅದು ತಪ್ಪಲ್ಲ, ವಾಲ್ವಿನ ಪೆಟ್ಟಿಗೆ ಎಂದರೆ ಹಾಗೆಯೇ ಇರಬೇಕು ಎಂದು ಇಬ್ಬರೂ ತಮ್ಮ ತಮ್ಮ ಕಿವಿಯನ್ನೇ ಅನುಮಾನಿಸಿದ್ದರು.

ಕಿರಣಕುಮಾರನಿಗೆ ಸಿಟ್ಟು ಬಂತು. ಅವನು ಬೈಯಲಿಲ್ಲ, ಅದೇ ಕಷ್ಟ. ಜೀಪಿನ ಸುತ್ತ ಒಂದು ಸುತ್ತು ನಡೆದು ಬಂದ. "ನಮಗ ಒಂದ ಮಾತು ಹೇಳಬೇಕಾಗಿತ್ತಲೋ," ಎಂದಷ್ಟೇ ಅಂದ. ಪೆಟ್ಟಿಗೆಯ ಮಾತೋ, ಆರು ವರ್ಷದ ಮಾತೋ, ದಿನೇಶ ಕೇಳಲಿಲ್ಲ. ದಾಂಡೇಲಿಯಲ್ಲಿ ಅವನನ್ನು ಇಳಿಸಿ ಜೀಪು ಹಳಿಯಾಳದ ಕಡೆ ಹೋಯಿತು.

ಎಂಟು ದಿನಕ್ಕೆ ಕಿರಣಕುಮಾರನಿಂದ ಒಂದು ಚೀಟಿ ಬಂತು. ಹಳಿಯಾಳದ ರೇಡಿಯೋ ರಿಪೇರಿಯವನು ಪೆಟ್ಟಿಗೆ ನೋಡಿದ, ಒಂದು ಸಣ್ಣ ವಾಲ್ವು ಸಡಿಲಾಗಿ ಅದರಿಂದ ಸಿಳ್ಳೆ ಬರುತ್ತಿತ್ತು, ಅದೊಂದನ್ನು ಬದಲಿಸಿದ ಮೇಲೆ ಈಗ ಥೇಟ್ ಅಡಿವೆಯ್ಯನವರ ಪೆಟ್ಟಿಗೆಯ ದನಿ, ಕಣ್ಣಲ್ಲಿ ನೀರು ಬಂತು ಎಂದು ಬರೆದಿದ್ದ. ಕೆಳಗೆ, ದಾಂಡೇಲಿಯ ಚರ್ಚಿನಲ್ಲಿ ಬಾರಿಸುವ ರೀನಾ ಎಂಬ ಹುಡುಗಿ ಗಿಟಾರಿಗೆ ಬರುತ್ತಾಳೆ, ನೀನೂ ಯಾವಾಗಾದರೂ ಬಂದು ಹೋಗು ಎಂದಿತ್ತು. ದಿನೇಶ ಚೀಟಿಯನ್ನು ಎರಡು ಸಲ ಓದಿದ. ಸಂತೋಷವೇ ಆಯಿತು. ಆ ಸಂತೋಷ ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಬಂದು ಹೋಗು ಎನ್ನುವುದಕ್ಕೂ ಬಾ ಎನ್ನುವುದಕ್ಕೂ ಇರುವ ಅಂತರ ಅವನಿಗೆ ತಿಳಿಯಿತು. ಅದರಲ್ಲಿ ಕಿರಣಕುಮಾರನ ತಪ್ಪು ಏನೂ ಇರಲಿಲ್ಲ.

ರವಿವಾರ ಅವನು ಮುಂಡಗೋಡದ ಬಸ್ಸು ಹಿಡಿದು ತುಳಜಾಳ ತಾಂಡಾಕ್ಕೆ ಹೋದ. ಅವಳ ಅಣ್ಣ ಮಾಲತೇಶ ಕುಳ್ಳಿರು ಎನ್ನಲಿಲ್ಲ. ನಿಂತಲ್ಲೇ ದಿನೇಶ ತನ್ನ ಕಿವಿಯ ಕಥೆ ಹೇಳಿದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಹಗುರಾಗಿರಲಿಲ್ಲ. ಮಾಲತೇಶ ನಂಬಿದನೋ ಬಿಟ್ಟನೋ, ಒಳಗೆ ಹೋಗಿ ವಿಳಾಸದ ಕಾಗದ ತಂದು ಕೊಟ್ಟ. ಆಮೇಲೆ ತಾಯಿ ಕಮಲಿಬಾಯಿ ಒಂದು ಚೀಲದಲ್ಲಿ ಜೋಳದ ಹಿಟ್ಟು ತಂದು, ಅವಳಿಗೆ ಕೊಡು ಎಂದು ಕೈಸನ್ನೆ ಮಾಡಿದಳು. ಅಳಿಯನಿಗೆ ಮಾತಾಡಿದರೆ ಕೇಳಿಸುವುದೇ ಇಲ್ಲ ಎಂದು ಆ ಮುದುಕಿ ತಿಳಿದುಬಿಟ್ಟಿದ್ದಳು.

ವೆರ್ಣಾದ ಗುಡ್ಡದ ಮೇಲೆ ಒಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು. ದಿನೇಶ ಮರುದಿನ ಅಲ್ಲಿಗೆ ಮುಟ್ಟಿದಾಗ ಮಧ್ಯಾಹ್ನದ ಹೊತ್ತು. ತುಳಜಾ ತಲೆಯ ಮೇಲೆ ಸಿಮೆಂಟಿನ ಬಾಣಲಿ ಹೊತ್ತು ಬರುತ್ತಿದ್ದಳು. ಎಡಗಾಲನ್ನು ತುಸು ಎಳೆಯುತ್ತಿದ್ದಳು. ಅವನನ್ನು ನೋಡಿದಳು, ನಿಲ್ಲಲಿಲ್ಲ. ಬಾಣಲಿ ಸುರುವಿ ಬಂದು ಕೈ ಒರೆಸಿಕೊಂಡಳು. ದಿನೇಶ ಬಸ್ಸಿನಲ್ಲಿ ಎಷ್ಟೋ ಮಾತು ಜೋಡಿಸಿಕೊಂಡಿದ್ದ. ತಾಂಡಾದ ಭಾಷೆಯಲ್ಲಿ ಅವನ ಬಾಯಿಂದ ಬಂದದ್ದು ಇಷ್ಟೇ: ಫೋನಿನಲ್ಲಿ ನೀನು ಹೇಳಿದ್ದು ನನಗೆ ಒಂದೂ ಕೇಳಿಸುತ್ತಿರಲಿಲ್ಲ, ಒಂದು ದಿನವೂ ಕೇಳಿಸಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಜೀರುಂಡೆಯ ಮಾತಾಡಿದ ದಿನವೇ ನನಗೆ ಗೊತ್ತಾಗಬೇಕಿತ್ತು ಎಂದಳು. ಬಿದ್ದದ್ದು ಹೇಗೆ, ಏನಾಯಿತು ಎಂದು ಅವನು ಕೇಳಿದ. ಅವಳು ತಲೆ ಅಲ್ಲಾಡಿಸಿದಳು. ಅದನ್ನೆಲ್ಲ ನಾನು ಒಮ್ಮೆ ಹೇಳಿಯಾಗಿದೆ, ಇನ್ನೊಮ್ಮೆ ಹೇಳುವುದು ನನ್ನಿಂದ ಆಗುವುದಿಲ್ಲ ಎಂದಳು. ಇದನ್ನು ಅವಳು ಜೋರಾಗಿ ಹೇಳಲಿಲ್ಲ, ಅವನಿಗೆ ತಿಳಿಯುವ ಹಾಗೆ ತುಟಿ ಬಿಡಿಸಿ ನಿಧಾನವಾಗಿ ಹೇಳಿದಳು.

ಆ ವರ್ಷ ಅವಳು ದಾಂಡೇಲಿಗೆ ಬರಲಿಲ್ಲ. ಮರದ ಕೆಲಸ ಇನ್ನೂ ಕಡಿಮೆಯಾಯಿತು. ತಿಂಗಳಿಗೊಮ್ಮೆ ದಿನೇಶ ಬಸ್ಸು ಹತ್ತಿ ವೆರ್ಣಾಕ್ಕೆ ಹೋಗುತ್ತಿದ್ದ. ಶೆಡ್ಡಿನ ಮುಂದೆ ಇಬ್ಬರೂ ಕೂತು ರೊಟ್ಟಿ ತಿನ್ನುತ್ತಿದ್ದರು. ಕೆಲವು ಸಲ ಅವಳು ಮಾತಾಡುತ್ತಿದ್ದಳು, ಹೆಚ್ಚಿನ ಸಲ ಇಲ್ಲ. ಬಲಗಿವಿಗಿಂತ ಎಡಗಿವಿ ಸ್ವಲ್ಪ ಮೇಲು ಎಂದು ಅವನು ಹೇಳಿದ್ದಕ್ಕೆ ಅವಳು ಅವನ ಎಡಗಡೆಗೆ ಕೂರುತ್ತಿದ್ದಳು. ಸಂಜೆಯ ಬಸ್ಸಿಗೆ ಅವನು ವಾಪಸು ಹೊರಡುತ್ತಿದ್ದ.